ಹಾಜರಿ ಪುಸ್ತಕದಲ್ಲಿ ಯಾರ ಹೆಸರಿದೆ?

(ಕಲಬುರಗಿಯಲ್ಲಿ ವಿಶ್ವವಿದ್ಯಾಲಯ ಮತ್ತು ಕಾಲೇಜು ನೌಕರರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ನೌಕರರ ಸಂಘದ ಇತಿಹಾಸ ಹೇಳಿ ಅಂತ ನನ್ನನ್ನು ಕರೆದಿದ್ದೀರಿ. ಇಸವಿಗಳು ಆಮೇಲೆ ಬರುತ್ತವೆ. ನಾನು ಒಂದು ಹಾಜರಿ ಪುಸ್ತಕದಿಂದ ಶುರು ಮಾಡುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ. ಯಾವ ವಿಶ್ವವಿದ್ಯಾಲಯ ಎಂಬುದು ಇವತ್ತಿನ ಮಾತಿಗೆ ಬೇಕಿಲ್ಲ. ಬೆಳಿಗ್ಗೆ ಹೋದ ಕೂಡಲೇ ಅಧೀಕ್ಷಕರ ಮೇಜಿನ ಮೇಲೆ ಹಾಜರಿ ಪುಸ್ತಕ ಇರುತ್ತಿತ್ತು. ಉದ್ದನೆಯ ಪುಸ್ತಕ, ದಪ್ಪ ರಟ್ಟು, ಮೂಲೆಗಳಲ್ಲಿ ಕೆಂಪು ಬಟ್ಟೆ. ಎಡಗಡೆ ಹೆಸರು ಮತ್ತು ಹುದ್ದೆ, ಬಲಗಡೆ ತಿಂಗಳ 31 ಮನೆ. ಹದಿನಾಲ್ಕು ಮಂದಿ ಅದರಲ್ಲಿ ಸಹಿ ಮಾಡುತ್ತಿದ್ದೆವು. ಆದರೆ ಆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರು ಇಪ್ಪತ್ತೆರಡು ಮಂದಿ. ಉಳಿದ ಎಂಟು ಜನರ ಹೆಸರು ಒಂದು ಬಿಡಿ ಹಾಳೆಯಲ್ಲಿ ಇರುತ್ತಿತ್ತು. ಆ ಹಾಳೆಯನ್ನು ಗುಂಡುಪಿನ್ ಚುಚ್ಚಿ ಕಿಟಕಿ ಪಕ್ಕದ ರಟ್ಟಿಗೆ ಸಿಕ್ಕಿಸಿಡುತ್ತಿದ್ದರು. ತಿಂಗಳ ಕೊನೆಗೆ, ಅವರನ್ನು ಹೊರಗುತ್ತಿಗೆ ಮೇಲೆ ಕಳಿಸುವ ಏಜೆನ್ಸಿಯ ಹುಡುಗ ಬಂದು ಒಯ್ಯುತ್ತಿದ್ದ. ಮತ್ತೆ ಹೊಸ ಹಾಳೆ.

ಆ ಎಂಟು ಜನ ಏನು ಮಾಡುತ್ತಿದ್ದರು? ಉತ್ತರ ಪತ್ರಿಕೆಗಳ ಬಂಡಲ್ ಇಳಿಸುವುದು, ಎಣಿಸುವುದು, ಕೋಡ್ ನಂಬರ್ ಹಾಕಿದ ಮೇಲೆ ಮತ್ತೆ ಕಟ್ಟುವುದು, ಮೌಲ್ಯಮಾಪನ ಕೇಂದ್ರಕ್ಕೆ ಒಯ್ಯುವುದು, ಮರಳಿ ತರುವುದು. ಒಂದು ಬಂಡಲ್ ಹೆಚ್ಚುಕಮ್ಮಿ ಆದರೆ ಒಂದು ಇಡೀ ಕಾಲೇಜಿನ ಫಲಿತಾಂಶ ನಿಲ್ಲುತ್ತದೆ. ಅಷ್ಟು ಜವಾಬ್ದಾರಿಯ ಕೆಲಸ.

ಅವರಲ್ಲಿ ಒಬ್ಬ ಅಕ್ಕ ಇದ್ದರು. ಒಂದು ದಿನ ಮೇಜು ಒರೆಸುವಾಗ ಹಾಜರಿ ಪುಸ್ತಕ ತೆರೆದೇ ಇತ್ತು. ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಾ ಕೆಳಗಿನವರೆಗೆ ಬಂದರು. ಆಮೇಲೆ ನನ್ನನ್ನು ಕೇಳಿದರು: "ಸರ್, ಇದ್ರಾಗ ನಮ್ ಹೆಸರು ಯಾಕಿಲ್ರಿ?"

"ನೀವು ಏಜೆನ್ಸಿಯವರು ಅಕ್ಕ" ಅಂದೆ.

"ಏಜೆನ್ಸಿ ಎಲ್ಲದರಿ? ನಾ ಹನ್ನೊಂದ್ ವರ್ಷದಿಂದ ಇಲ್ಲೇ ಇದ್ದೀನಲ್ರಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ನಾನು ಸಂಘದ ಪದಾಧಿಕಾರಿ. ಆದರೂ ಇರಲಿಲ್ಲ. ಯಾಕೆಂದರೆ ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲೂ ಅವರ ಹೆಸರು ಇರಲಿಲ್ಲ. ಆ ಹಾಜರಿ ಪುಸ್ತಕ ನೋಡಿಕೊಂಡೇ ನಾವು ಸದಸ್ಯರನ್ನು ಮಾಡಿಕೊಂಡಿದ್ದೆವು.

ವಿಶ್ವವಿದ್ಯಾಲಯದ ಕಾರ್ಮಿಕ ಯಾರು ಎಂಬ ಪ್ರಶ್ನೆ ಹೊಸದಲ್ಲ. ಸುಪ್ರೀಂ ಕೋರ್ಟಿನ ಮುಂದೆ ಅದನ್ನು ತಂದವರು ಇಬ್ಬರು ಬಸ್ ಚಾಲಕರು. ದೆಹಲಿ ವಿಶ್ವವಿದ್ಯಾಲಯದ ಮಹಿಳಾ ಕಾಲೇಜೊಂದರಲ್ಲಿ ಹುಡುಗಿಯರನ್ನು ಕರೆತರಲು ಬಸ್ ಇಟ್ಟಿದ್ದರು. ಬಸ್ಸಿನಿಂದ ನಷ್ಟ ಅಂತ ನಿಲ್ಲಿಸಿದರು. ಚಾಲಕರನ್ನು ಕೆಲಸದಿಂದ ತೆಗೆದರು. ತೆಗೆಯುವುದಾದರೆ ಕಾನೂನು ಪ್ರಕಾರ ಪರಿಹಾರ ಕೊಡಿ ಅಂತ ಚಾಲಕರು ಕೇಳಿದರು. ನ್ಯಾಯಮಂಡಳಿ ಕೊಡಿ ಅಂದಿತು. ವಿಶ್ವವಿದ್ಯಾಲಯ ಸುಪ್ರೀಂ ಕೋರ್ಟಿಗೆ ಹೋಯಿತು. 1963ರಲ್ಲಿ ತೀರ್ಪು ಬಂತು. ಶಿಕ್ಷಣ ಕೊಡುವುದು ಉದ್ಯಮ ಅಲ್ಲ, ವಿಶ್ವವಿದ್ಯಾಲಯದ ಮುಖ್ಯ ಕೆಲಸ ನಡೆಸುವವರು ಅಧ್ಯಾಪಕರು, ಚಾಲಕರಂಥವರ ಪಾತ್ರ ಅದರಲ್ಲಿ ತೀರಾ ಸಣ್ಣದು ಎಂಬುದು ಅದರ ತಿರುಳು. ಹಾಗಾಗಿ ಉದ್ಯಮದ ಕಾರ್ಮಿಕರಿಗೆ ರಕ್ಷಣೆ ಕೊಡುವ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಅವರಿಗೆ ಅನ್ವಯಿಸಲಿಲ್ಲ. ಪರಿಹಾರವೂ ಸಿಗಲಿಲ್ಲ.

ಮುಂದಿನ ಹದಿನೈದು ವರ್ಷ ದೇಶದ ಜವಾನರು, ಗುಮಾಸ್ತರು, ಮಾಲಿಗಳು, ಪ್ರಯೋಗಾಲಯದ ಸಹಾಯಕರು ಎಲ್ಲರಿಗೂ ಬಾಗಿಲು ಹಾಕಿದ್ದು ಈ ತೀರ್ಪು. ಅದನ್ನು ತೆರೆದದ್ದು ನಮ್ಮ ಕರ್ನಾಟಕದ ಒಂದು ಪ್ರಕರಣ. ಬೆಂಗಳೂರು ಜಲ ಮಂಡಳಿಯ ನೌಕರರಿಗೆ ತಪ್ಪು ಮಾಡಿದ್ದೀರಿ ಅಂತ ದಂಡ ಹಾಕಿ ಪಗಾರದಲ್ಲಿ ಮುರಿದುಕೊಂಡಿದ್ದರು. ನಮ್ಮ ಮಾತು ಕೇಳದೆ ಹೇಗೆ ಮುರಿದಿರಿ ಅಂತ ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ನಾವು ಉದ್ಯಮವೇ ಅಲ್ಲ ಅಂತ ಮಂಡಳಿ ಹೇಳಿತು. ವಿಷಯ ಏಳು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯಿತು. 1978ರ ಫೆಬ್ರುವರಿ 21ರಂದು ಬಂದ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸರಳವಾದ ಅಳತೆಗೋಲು ಇಟ್ಟರು. ಕೆಲಸ ವ್ಯವಸ್ಥಿತವಾಗಿ ನಡೆಯುತ್ತದೆಯೇ? ಮಾಲೀಕ ಮತ್ತು ನೌಕರ ಇಬ್ಬರ ಸಹಕಾರದಿಂದ ನಡೆಯುತ್ತದೆಯೇ? ಜನರಿಗೆ ಬೇಕಾದ ವಸ್ತು ಅಥವಾ ಸೇವೆ ಅದರಿಂದ ಸಿಗುತ್ತದೆಯೇ? ಮೂರಕ್ಕೂ ಹೌದು ಅಂದರೆ ಅದು ಉದ್ಯಮ. ಲಾಭ ಬರಬೇಕು ಅಂತೇನೂ ಇಲ್ಲ. 1963ರ ತೀರ್ಪು ಅಲ್ಲಿಗೆ ಬಿದ್ದುಹೋಯಿತು. ವಿಶ್ವವಿದ್ಯಾಲಯಗಳೂ ಉದ್ಯಮದ ಲೆಕ್ಕಕ್ಕೆ ಬಂದವು.

1982ರಲ್ಲಿ ಸಂಸತ್ತು ಕಾಯ್ದೆ ತಿದ್ದಿ ಶಿಕ್ಷಣ ಸಂಸ್ಥೆಗಳನ್ನು ಮತ್ತೆ ಹೊರಗಿಡಲು ನೋಡಿತು. ಆದರೆ ಆ ಭಾಗ ಯಾವತ್ತೂ ಜಾರಿಗೆ ಬರಲಿಲ್ಲ.

ಒಂದು ಮಾತು ಗಮನಿಸಿ. ನೀರಿನ ಮಂಡಳಿಯ ನೌಕರರು ದೊಡ್ಡ ಸಿದ್ಧಾಂತ ಹಿಡಿದು ಹೊರಟವರಲ್ಲ. ಪಗಾರದಲ್ಲಿ ಮುರಿದುಕೊಂಡ ದುಡ್ಡು ಕೇಳಲು ಹೊರಟವರು. ಇಷ್ಟು ಸಣ್ಣ ವಿಷಯಕ್ಕೆ ಸಂಘ ಯಾಕೆ ಅಂತ ಯಾರಾದರೂ ಕೇಳಿದರೆ ಇದನ್ನು ಹೇಳಿ.

ಸಂಘ ಕಟ್ಟುವ ಹಕ್ಕಿನ ಕಥೆ ಇನ್ನೂ ಹಿಂದಿನದು. 1918ರ ಏಪ್ರಿಲ್‌ನಲ್ಲಿ ಮದ್ರಾಸಿನಲ್ಲಿ ಬಿ.ಪಿ. ವಾಡಿಯಾ ಅವರ ಮುಂದಾಳತ್ವದಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಶುರುವಾಯಿತು. ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಮಿಲ್ಲಿನ ಕಾರ್ಮಿಕರ ಸಂಘ ಅದು. ಮಿಲ್ಲಿನವರು ಹೈಕೋರ್ಟಿಗೆ ಹೋಗಿ ಸಂಘದವರ ಮೇಲೆ ತಡೆಯಾಜ್ಞೆ ತಂದರು, ನಷ್ಟ ಕಟ್ಟಿಕೊಡಿ ಅಂದರು. ಕೂಡಿ ಕೆಲಸ ನಿಲ್ಲಿಸುವುದೇ ಒಳಸಂಚು ಎಂಬ ಕಾಲ. ಇದನ್ನು ನೋಡಿ ಕಾರ್ಮಿಕ ನಾಯಕ ಎನ್.ಎಂ. ಜೋಶಿ 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಸಂಘಗಳಿಗೆ ಕಾನೂನಿನ ರಕ್ಷಣೆ ಬೇಕು ಅಂತ ಗೊತ್ತುವಳಿ ತಂದರು. 1926ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆ ಬಂತು. ನೋಂದಾಯಿತ ಸಂಘದ ಪದಾಧಿಕಾರಿ ಮತ್ತು ಸದಸ್ಯರ ಮೇಲೆ ಸಂಘದ ನ್ಯಾಯವಾದ ಕೆಲಸಕ್ಕಾಗಿ ಒಳಸಂಚಿನ ಕೇಸು ಹಾಕುವಂತಿಲ್ಲ ಎಂದು ಅದರ 17ನೇ ಸೆಕ್ಷನ್ ಹೇಳಿತು. ಅರ್ಜಿ ಹಾಕಲು ಏಳು ಜನ ಸಾಕಿತ್ತು. 2001ರ ತಿದ್ದುಪಡಿ ಆದ ಮೇಲೆ ನೋಂದಣಿಗೆ ಶೇಕಡಾ 10ರಷ್ಟು ಕಾರ್ಮಿಕರು ಅಥವಾ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಬೇಕು.

ಹೊರದೇಶದ ಮಾತು ಸ್ವಲ್ಪ ಹೇಳಿಬಿಡುತ್ತೇನೆ, ಅಧ್ಯಾಪಕರು ಬಂದಿದ್ದೀರಿ ಎಂಬ ಕಾರಣಕ್ಕೆ. ಬ್ರಿಟನ್ನಿನ ವಿಶ್ವವಿದ್ಯಾಲಯ ಅಧ್ಯಾಪಕರ ಸಂಘ ಹುಟ್ಟಿದ್ದು 1919ರಲ್ಲಿ. ಅವರು ಇಟ್ಟುಕೊಂಡ ಹೆಸರು ಅಸೋಸಿಯೇಷನ್. ಯೂನಿಯನ್ ಅಂತ ಕರೆದುಕೊಳ್ಳಲಿಲ್ಲ. ಅಲ್ಲಿನ ಕಾರ್ಮಿಕ ಸಂಘಗಳ ಒಕ್ಕೂಟಕ್ಕೆ ಸೇರಿದ್ದು 1976ರಲ್ಲಿ. ನಾವೂ ದುಡಿಯುವವರೇ ಅಂತ ಒಪ್ಪಿಕೊಳ್ಳಲು ಐವತ್ತೇಳು ವರ್ಷ ಹಿಡಿಯಿತು! 2006ರಲ್ಲಿ ಇನ್ನೊಂದು ಅಧ್ಯಾಪಕರ ಸಂಘದ ಜೊತೆ ಕೂಡಿ ಯೂನಿವರ್ಸಿಟಿ ಅಂಡ್ ಕಾಲೇಜ್ ಯೂನಿಯನ್ ಆಯಿತು. 2018ರಲ್ಲಿ ಅವರು 14 ದಿನ ಪಾಠ ನಿಲ್ಲಿಸಿದರು. ಯಾತಕ್ಕೆ ಗೊತ್ತಾ? ಪಿಂಚಣಿಗೆ. ಇಷ್ಟು ಅಂತ ಖಾತ್ರಿ ಇದ್ದ ಪಿಂಚಣಿಯನ್ನು ಷೇರು ಮಾರುಕಟ್ಟೆಯ ಏರಿಳಿತಕ್ಕೆ ಬಿಡುವ ಪ್ರಸ್ತಾವ ಬಂದಿತ್ತು. ಮುಷ್ಕರದ ನಂತರ ಆ ಪ್ರಸ್ತಾವ ಹಿಂದೆ ಸರಿಯಿತು. ನಮ್ಮಲ್ಲಿ 2006ರ ಏಪ್ರಿಲ್ 1ರಿಂದ ಸೇರಿದ ರಾಜ್ಯ ಸರ್ಕಾರಿ ನೌಕರರಿಗೆ ಎನ್‌ಪಿಎಸ್, ಅಂದರೆ ಇಷ್ಟು ಅಂತ ಖಾತ್ರಿ ಇಲ್ಲದ ಹೊಸ ಪಿಂಚಣಿ ಬಂದಾಗ ನಾವು ಎಷ್ಟು ದಿನ ಹೊರಗೆ ಕೂತೆವು? ಹೊಸಬರಿಗೆ ತಾನೇ, ನಮಗೆ ಹಳೆಯದೇ ಇದೆಯಲ್ಲ ಅಂತ ಎಷ್ಟೋ ಜನ ಸುಮ್ಮನಿದ್ದೆವು. ಅದು ನನಗೆ ಇವತ್ತಿಗೂ ನೋವಿನ ವಿಷಯ.

ನಮ್ಮ ದೇಶದ ಕಾನೂನು ಕೂಡ ಅಧ್ಯಾಪಕರನ್ನು ಬೇರೆಯೇ ಇಟ್ಟಿದೆ. 1988ರಲ್ಲಿ ಗೋವಾದ ಒಬ್ಬ ಶಿಕ್ಷಕಿಯ ಪ್ರಕರಣದಲ್ಲಿ, ಶಾಲೆ ಉದ್ಯಮವೇ ಇರಬಹುದು, ಆದರೆ ಶಿಕ್ಷಕಿ 'ಕಾರ್ಮಿಕ' ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಒಂದೇ ಕಟ್ಟಡದಲ್ಲಿ ಗುಮಾಸ್ತರು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು, ಉಪನ್ಯಾಸಕರು ಹೋಗುವಂತಿಲ್ಲ. ಇದರ ಪೆಟ್ಟು ಜಾಸ್ತಿ ಬಿದ್ದದ್ದು ಅತಿಥಿ ಉಪನ್ಯಾಸಕರಿಗೆ. 2019ರ ಜನವರಿಯಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಅಂತ ಹೇಳಿತು. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ಆಗ ಸಿಗುತ್ತಿದ್ದದ್ದು ತಿಂಗಳಿಗೆ ಹನ್ನೊಂದರಿಂದ ಹದಿಮೂರು ಸಾವಿರ. ವಾರಗಟ್ಟಲೆ ತರಗತಿ ಬಹಿಷ್ಕಾರ ಮಾಡಿದ ಮೇಲೆ 2022ರ ಜನವರಿಯಲ್ಲಿ ಅದು ಗರಿಷ್ಠ 32,000 ಆಯಿತು. ಅವರು ಬೀದಿಗೆ ಬರದಿದ್ದರೆ ಇದು ಆಗುತ್ತಿರಲಿಲ್ಲ. ಕಾನೂನಿನ ಪುಸ್ತಕ ಅವರನ್ನು ಕಾರ್ಮಿಕರು ಅನ್ನಲಿಲ್ಲ. ಆದರೆ ಅವರು ಕಾರ್ಮಿಕರ ಹಾಗೆ ಕೂಡಿ ನಿಂತರು.

ಈಗ ನಮ್ಮ ಭಾಗಕ್ಕೆ ಬರೋಣ.

ಕಲಬುರಗಿಗೆ ಸಂಘ ಎಂಬುದು ಹೊರಗಿನಿಂದ ಬಂದ ಮಾತಲ್ಲ. ಎಂಎಸ್‌ಕೆ ಬಟ್ಟೆ ಮಿಲ್ಲಿನ ಹೆಸರು ಗೊತ್ತಿಲ್ಲದ ಹಳೆಯ ಮನೆ ಈ ಊರಿನಲ್ಲಿ ಇಲ್ಲ. ಶಹಾಬಾದಿನ ಫರ್ಸಿ ಕಲ್ಲಿನ ಗಣಿ, ಶಹಾಬಾದ್ ಮತ್ತು ವಾಡಿಯ ಸಿಮೆಂಟ್ ಕಾರ್ಖಾನೆ, ಇಲ್ಲೆಲ್ಲ ಕೆಂಪು ಬಾವುಟದ ಸಂಘಗಳು ಬೆಳೆದವು. ಆ ಕಾರ್ಮಿಕರ ಮಕ್ಕಳೇ ಓದಿ ಮುಂದೆ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಗುಮಾಸ್ತರಾದರು, ಉಪನ್ಯಾಸಕರಾದರು. ಇಲ್ಲಿ ಮೊದಲು ಇದ್ದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ, 1970ರಲ್ಲಿ ಶುರುವಾಗಿದ್ದು. 1980ರಲ್ಲಿ ಅದು ಗುಲಬರ್ಗಾ ವಿಶ್ವವಿದ್ಯಾಲಯ ಆಯಿತು. ಬೀದರ್‌ನಿಂದ ಬಳ್ಳಾರಿಯವರೆಗಿನ ಕಾಲೇಜುಗಳಿಗೆಲ್ಲ ಆಗ ಅದೇ ತಾಯಿ ಮನೆಯಾಗಿತ್ತು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, ಆಳಂದ ತಾಲೂಕಿನ ಕಡಗಂಚಿಯಲ್ಲಿ ಅದರ ಕ್ಯಾಂಪಸ್. ಬೀದರ್‌ನಲ್ಲಿ 2004ರಿಂದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಸಂಸ್ಥೆಗಳು ಹೆಚ್ಚಿದ ಹಾಗೆ ಖಾಯಂ ಕೆಲಸ ಹೆಚ್ಚಲಿಲ್ಲ. ನಿವೃತ್ತರಾದವರ ಕುರ್ಚಿ ಖಾಲಿ ಉಳಿಯಿತು. ಆ ಕೆಲಸಕ್ಕೆ ದಿನಗೂಲಿ ಬಂತು, ಆಮೇಲೆ ಗುತ್ತಿಗೆ, ಆಮೇಲೆ ಹೊರಗುತ್ತಿಗೆ.

ಆಗೆಲ್ಲ ಹೈಕೋರ್ಟಿಗೆ ಒಂದು ರಿಟ್ ಅರ್ಜಿ ಹಾಕಬೇಕು ಅಂದರೆ ಬೆಂಗಳೂರಿಗೆ ಹೋಗಬೇಕಿತ್ತು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯೆಲ್ಲ ಪ್ರಯಾಣ, ಬೆಳಿಗ್ಗೆ ಕೋರ್ಟಿನಲ್ಲಿ ನಿಂತರೆ ಮುಂದಿನ ತಾರೀಖು. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಹೋಟೆಲಿನ ಖರ್ಚು ಸಂಘದ ರಸೀದಿ ಪುಸ್ತಕಕ್ಕೆ ತಾಳುತ್ತಿರಲಿಲ್ಲ. 2008ರ ಜುಲೈನಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕಲಬುರಗಿಗೆ ಬಂತು, 2013ರಲ್ಲಿ ಖಾಯಂ ಆಯಿತು. ದಿನಗೂಲಿ ನೌಕರನೊಬ್ಬ ತನ್ನ ಕೇಸು ನಡೆಯುವುದನ್ನು ಕಣ್ಣಾರೆ ನೋಡುವ ಹಾಗಾಗಿದ್ದು ಆಗಲೇ. ಇದನ್ನು ನಾನು ಸಣ್ಣ ವಿಷಯ ಅನ್ನುವುದಿಲ್ಲ.

ದಿನಗೂಲಿಯವರ ಕಾನೂನಿನ ಕಥೆಯಲ್ಲಿ ಕರ್ನಾಟಕ ಎರಡು ಸಲ ಬರುತ್ತದೆ. ಒಮ್ಮೆ ಒಳ್ಳೆಯದಕ್ಕೆ, ಒಮ್ಮೆ ಕೆಟ್ಟದ್ದಕ್ಕೆ. 1990ರಲ್ಲಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘದ ಪ್ರಕರಣದಲ್ಲಿ, ಹತ್ತು ವರ್ಷ ದುಡಿದವರನ್ನು ಹಂತ ಹಂತವಾಗಿ ಖಾಯಂ ಮಾಡಿ ಎಂಬ ತೀರ್ಪು ಬಂತು. 2006ರ ಏಪ್ರಿಲ್ 10ರಂದು ಉಮಾದೇವಿ ಪ್ರಕರಣದ ತೀರ್ಪು ಬಂತು. ಅದೂ ಕರ್ನಾಟಕದ್ದೇ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರದು. ನೇಮಕಾತಿ ನಿಯಮ ಬಿಟ್ಟು ಬಂದವರಿಗೆ ಖಾಯಂ ಆಗುವ ಹಕ್ಕಿಲ್ಲ ಅಂತ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಹೇಳಿತು. ಆದರೆ ಅದೇ ತೀರ್ಪಿನ 53ನೇ ಪ್ಯಾರಾದಲ್ಲಿ, ಮಂಜೂರಾದ ಹುದ್ದೆಯಲ್ಲಿ ಕೋರ್ಟಿನ ಆದೇಶದ ನೆರವಿಲ್ಲದೆ ಹತ್ತು ವರ್ಷ ಅಥವಾ ಹೆಚ್ಚು ದುಡಿದ ಅರ್ಹರನ್ನು ಒಂದು ಸಲದ ಕ್ರಮವಾಗಿ ಖಾಯಂ ಮಾಡಿ ಎಂದೂ ಇದೆ. ನಮ್ಮ ಕಚೇರಿಗಳಲ್ಲಿ ಎಲ್ಲರೂ ಮೊದಲ ಮಾತನ್ನು ಓದಿದರು. 53ನೇ ಪ್ಯಾರಾ ಓದಿಸಬೇಕಾದವರು ಸಂಘದವರು. ಎಷ್ಟು ಕಡೆ ಓದಿಸಿದೆವು?

ಆಮೇಲಿನ ಎರಡು ತೀರ್ಪು ಬರೆದಿಟ್ಟುಕೊಳ್ಳಿ. 2016ರ ಅಕ್ಟೋಬರ್‌ನಲ್ಲಿ ಪಂಜಾಬಿನ ಜಗಜೀತ್ ಸಿಂಗ್ ಪ್ರಕರಣ: ಅದೇ ಕೆಲಸ, ಅದೇ ಜವಾಬ್ದಾರಿ ಇದ್ದರೆ ತಾತ್ಕಾಲಿಕ ನೌಕರರಿಗೂ ಖಾಯಂ ಹುದ್ದೆಯ ಕನಿಷ್ಠ ವೇತನ ಶ್ರೇಣಿಯ ಪಗಾರ ಕೊಡಬೇಕು. 2024ರ ಡಿಸೆಂಬರ್ 20ರಂದು ಜಗ್ಗೋ ಪ್ರಕರಣ. ಜಗ್ಗೋ ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಹೆಣ್ಣುಮಗಳು. ಅವರನ್ನೂ ಜೊತೆಯವರನ್ನೂ ಖಾಯಂ ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ವರ್ಷಗಟ್ಟಲೆ ದುಡಿದವರನ್ನು ಹೊರಗೆ ಹಾಕಲು ಉಮಾದೇವಿ ತೀರ್ಪನ್ನು ಆಯುಧ ಮಾಡಿಕೊಳ್ಳಬೇಡಿ ಎಂಬ ಅರ್ಥದ ಮಾತು ಅದರಲ್ಲಿದೆ. ನಮ್ಮ ಅಕ್ಕನ ಪ್ರಶ್ನೆಗೆ ನಾನು ಕಂಡ ಅತಿ ಹತ್ತಿರದ ಉತ್ತರ ಇದು.

ಸಂವಿಧಾನದ 371(ಜೆ), ಅಂದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ವಿಧಿಯ ಬಗ್ಗೆ ಒಂದು ಮಾತು. ಇದು ನಮ್ಮ ಭಾಗದ ಹೋರಾಟದ ಫಲ, 98ನೇ ತಿದ್ದುಪಡಿಯಿಂದ ಬಂದದ್ದು. ಸ್ಥಳೀಯರಿಗೆ 'ಎ' ಮತ್ತು 'ಬಿ' ಗುಂಪಿನಲ್ಲಿ ಶೇಕಡಾ 75, 'ಸಿ' ಗುಂಪಿನಲ್ಲಿ 80, 'ಡಿ' ಗುಂಪಿನಲ್ಲಿ 85 ಮೀಸಲು. ಅತಿ ಹೆಚ್ಚು ಪಾಲು ಇಟ್ಟದ್ದು 'ಡಿ' ಗುಂಪಿಗೆ, ಅಂದರೆ ಜವಾನ, ಕಾವಲುಗಾರ, ಮಾಲಿಗಳಿಗೆ. ಹೊರಗುತ್ತಿಗೆಗೆ ಮೊದಲು ಹೋಗಿದ್ದೂ ಅದೇ ಕೆಲಸ. ಹುದ್ದೆ ತುಂಬದೇ ಕೆಲಸವನ್ನು ಟೆಂಡರ್ ಕರೆದು ಕೊಟ್ಟರೆ ಆ 85ನ್ನು ಯಾವುದರ ಮೇಲೆ ಲೆಕ್ಕ ಹಾಕುವುದು? 371(ಜೆ) ಉಳಿಸಿ ಅಂತ ಮೆರವಣಿಗೆ ಮಾಡುವ ಎಲ್ಲರೂ ಈ ಪ್ರಶ್ನೆ ಕೇಳಬೇಕು. ಹೊರಗುತ್ತಿಗೆ ವಿರುದ್ಧದ ಹೋರಾಟ ಬೇರೆ, ಪ್ರಾದೇಶಿಕ ನ್ಯಾಯದ ಹೋರಾಟ ಬೇರೆ ಅಂತ ನಾನು ನಂಬುವುದಿಲ್ಲ.

ಸಂಘದ ಉದ್ದೇಶಗಳು ಏನು ಅಂತ ಕೇಳಿದ್ದೀರಿ. ಬೈಲಾದಲ್ಲಿ ಹನ್ನೆರಡು ಉದ್ದೇಶ ಬರೆದಿರುತ್ತವೆ, ಓದಿಕೊಳ್ಳಬಹುದು. ನನ್ನ ಅನುಭವದಲ್ಲಿ ನಿಜವಾಗಿ ಬಳಕೆಗೆ ಬಂದ ನಾಲ್ಕೈದು ವಿಷಯ ಹೇಳುತ್ತೇನೆ.

ಬೇಸಿಗೆ ವೇಳೆಯಿಂದ ಶುರು ಮಾಡೋಣ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಇಲ್ಲಿನ ಬಿಸಿಲು ನೋಡಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ. ಆದರೆ ನಾನಿದ್ದ ಕಡೆ ಗೇಟಿನ ಕಾವಲುಗಾರರಿಗೆ ಅದೇ ಹನ್ನೆರಡು ತಾಸು. ತಗಡಿನ ಗೂಡು, ಒಂದು ಪ್ಲಾಸ್ಟಿಕ್ ಕುರ್ಚಿ. ಮಧ್ಯಾಹ್ನ ಎರಡಕ್ಕೆ ಆ ತಗಡಿಗೆ ಕೈ ತಾಗಿಸಿದರೆ ಸುಡುತ್ತಿತ್ತು. ನಾವೆಲ್ಲ ಒಂದೂವರೆಗೆ ಅವರ ಮುಂದೆಯೇ ಗಾಡಿ ಹತ್ತಿ ಮನೆಗೆ ಹೋಗುತ್ತಿದ್ದೆವು. ಮೂರು ವರ್ಷ ಹೀಗೆ ಹೋದ ಮೇಲೆ ಒಬ್ಬ ಸದಸ್ಯ ಸಭೆಯಲ್ಲಿ ಎದ್ದು ಕೇಳಿದ, "ಬಿಸಿಲು ಅವರಿಗಿ ಬ್ಯಾರೆ ಅದಾ?" ಅಂತ. ಆವತ್ತು ನಾವು ಮಾಡಿದ ಮನವಿಯಲ್ಲಿ ಮೂರೇ ಸಾಲು ಇತ್ತು: ಎಂಟು ತಾಸಿನ ಪಾಳಿ, ಗೂಡಿಗೆ ಮೇಲ್ಚಪ್ಪರ, ಕುಡಿಯುವ ನೀರಿನ ಮಡಕೆ. ಮಡಕೆ ಮರುದಿನವೇ ಬಂತು. ಚಪ್ಪರ ಒಂದು ತಿಂಗಳಿಗೆ. ಎಂಟು ತಾಸಿನ ಪಾಳಿಗೆ ಎರಡು ವರ್ಷ ಹಿಡಿಯಿತು.

ಇನ್ನು ದುಡ್ಡಿನ ಲೆಕ್ಕ. ಆ ಅಕ್ಕ ಒಂದು ದಿನ ಪಿಎಫ್ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಂದರು. ಹನ್ನೊಂದು ವರ್ಷಕ್ಕೆ ನಾಲ್ಕು ಏಜೆನ್ಸಿ, ನಾಲ್ಕು ಪಿಎಫ್ ನಂಬರ್. ಒಂದರಲ್ಲಿ ಗಂಡನ ಹೆಸರು, ಒಂದರಲ್ಲಿ ತಂದೆಯ ಹೆಸರು. ಹುಟ್ಟಿದ ದಿನ ಎರಡು ಕಡೆ ಬೇರೆ ಬೇರೆ. ನಡುವೆ ಏಳು ತಿಂಗಳು ಪಗಾರದಲ್ಲಿ ಮುರಿದಿದ್ದಾರೆ, ಖಾತೆಗೆ ಬಿದ್ದಿಲ್ಲ. ಟೆಂಡರ್ ಬದಲಾದಾಗ ಅಕ್ಕ ಬದಲಾಗಲಿಲ್ಲ, ಕೂತ ಜಾಗ ಬದಲಾಗಲಿಲ್ಲ, ಕೆಲಸ ಬದಲಾಗಲಿಲ್ಲ. ಕಾಗದದ ಮೇಲೆ ಮಾತ್ರ ಪ್ರತಿ ಸಲ ಹೊಸದಾಗಿ ಸೇರಿದವರು. ಕೆಲಸ ಬಿಡುವಾಗ ಸಿಗುವ ಇಡಿಗಂಟು ಗ್ರಾಚ್ಯುಟಿ. ಅದಕ್ಕೆ 1972ರ ಕಾಯ್ದೆಯಲ್ಲಿ ಐದು ವರ್ಷದ ಸೇವೆ ಬೇಕಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಏಜೆನ್ಸಿ ಬದಲಾದರೆ ಐದು ತುಂಬುವುದು ಯಾವಾಗ?

ಆ ಕಾಗದಗಳನ್ನು ಮೇಜಿನ ಮೇಲೆ ಹರಡಿ ಇಸವಿ ಪ್ರಕಾರ ಜೋಡಿಸಲು ನಮಗೆ ಎರಡು ಸಂಜೆ ಬೇಕಾಯಿತು. ಪಿಎಫ್ ಕಚೇರಿಗೆ ಒಂದು ದೂರು, ಕುಲಸಚಿವರಿಗೆ ಒಂದು ಪತ್ರ. ಪತ್ರದಲ್ಲಿ ನಾವು ಬರೆದದ್ದು ಇಷ್ಟೇ: ಗುತ್ತಿಗೆದಾರ ಪಗಾರ ಕೊಡದಿದ್ದರೆ ಮುಖ್ಯ ಮಾಲೀಕ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳುತ್ತದೆ, ಇಲ್ಲಿ ಮುಖ್ಯ ಮಾಲೀಕರು ನೀವು. ಆ ಒಂದು ಸಾಲು ಕೆಲಸ ಮಾಡಿತು. ಏಜೆನ್ಸಿಯ ಬಿಲ್ ಪಾಸ್ ಮಾಡುವ ಮೊದಲು ಹಿಂದಿನ ತಿಂಗಳ ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಚಲನ್ ತೋರಿಸಬೇಕು ಅಂತ ಲೆಕ್ಕಪತ್ರ ವಿಭಾಗ ಆದೇಶ ಮಾಡಿತು. ಏಳರಲ್ಲಿ ಐದು ತಿಂಗಳ ದುಡ್ಡು ಖಾತೆಗೆ ಬಂತು. ಎರಡು ತಿಂಗಳದ್ದು ಬರಲೇ ಇಲ್ಲ.

ಇಎಸ್‌ಐ ಕೂಡ ಹೀಗೇ. ತಿಂಗಳಿಗೆ 21,000ದವರೆಗೆ ಪಗಾರ ಇರುವವರಿಗೆ ಅದು ಸಿಗುತ್ತದೆ. ನಿಮ್ಮದು 0.75, ಮಾಲೀಕರದು 3.25 ಶೇಕಡಾ. ನಮ್ಮ ಊರಿನಲ್ಲೇ ಸೇಡಂ ರಸ್ತೆಯಲ್ಲಿ ಇಎಸ್‌ಐನ ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜು ಇದೆ. ಆದರೆ ಪಾಲು ಕಟ್ಟದಿದ್ದರೆ ಕಾರ್ಡ್ ಕೈಯಲ್ಲಿದ್ದೂ ಪ್ರಯೋಜನ ಇಲ್ಲ. ಕಾಯಿಲೆ ಬಿದ್ದ ದಿನ ಇದು ಗೊತ್ತಾಗಬಾರದು. ಪ್ರತಿ ತಿಂಗಳು ನೋಡಿಕೊಳ್ಳುವ ಕೆಲಸ ಸಂಘದ್ದು.

ಸಭೆಯ ವೇಳೆ ಬಗ್ಗೆ ಹೇಳಲೇಬೇಕು. ನಾವು ವರ್ಷಗಟ್ಟಲೆ ಸಂಜೆ ಐದೂವರೆಗೆ ಸಭೆ ಕರೆಯುತ್ತಿದ್ದೆವು. ಹೆಣ್ಣುಮಕ್ಕಳು ಬರುವುದೇ ಇಲ್ಲ, ಅವರಿಗೆ ಆಸಕ್ತಿ ಇಲ್ಲ ಅಂತ ನಾವೇ ಮಾತಾಡಿಕೊಳ್ಳುತ್ತಿದ್ದೆವು. ಸಂಜೆ ಐದೂವರೆಗೆ ಅವರಿಗೆ ಊರಿನ ಬಸ್ಸು, ಮಕ್ಕಳು, ಒಲೆ. ಒಬ್ಬ ಮೇಡಂ ಹೇಳಿದ ಮೇಲೆ ಊಟದ ವೇಳೆಗೆ ಬದಲಾಯಿಸಿದೆವು. ಡಬ್ಬಿ ತಗೊಂಡು ಬೇವಿನ ಮರದ ಕೆಳಗೆ ಕೂಡುವುದು. ಮೊದಲ ಸಭೆಗೇ ಮೂವತ್ತು ಜನ ಹೆಣ್ಣುಮಕ್ಕಳು ಬಂದರು. ಶೌಚಾಲಯದ ಬೀಗದ ವಿಷಯ, ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯ ವಿಷಯ ಅಲ್ಲಿಯೇ ಮೊದಲು ಕೇಳಿಬಂದದ್ದು. 2013ರ ಕಾಯ್ದೆ ಪ್ರಕಾರ ಆ ಸಮಿತಿ ಇರಲೇಬೇಕು. ಅದರಲ್ಲಿ ಯಾರಿದ್ದಾರೆ ಎಂಬುದೇ ಆವರೆಗೆ ಯಾರಿಗೂ ಗೊತ್ತಿರಲಿಲ್ಲ.

ಈಗ ಮುಷ್ಕರದ ಮಾತು. ಹೊರಗುತ್ತಿಗೆಯವರ ಪಗಾರ ನಾಲ್ಕು ತಿಂಗಳು ನಿಂತಾಗ ನಾವು ಖಾಯಂ ನೌಕರರೂ ಕೂಡಿ ಕೆಲಸ ನಿಲ್ಲಿಸಿದೆವು. ಮೂರನೇ ದಿನ ಸುರಪುರದ ಕಡೆಯ ಒಬ್ಬ ಹುಡುಗ ಬಂದ. ಮರುದಿನ ಬೆಂಗಳೂರಿನಲ್ಲಿ ದಾಖಲೆ ಪರಿಶೀಲನೆ, ಕೈಯಲ್ಲಿ ಪ್ರೊವಿಜನಲ್ ಸರ್ಟಿಫಿಕೇಟ್ ಇಲ್ಲ. ಗೇಟಿನ ಹತ್ತಿರ ನಿಂತು ಅಳುತ್ತಿದ್ದ. ಅವನ ಜೊತೆ ಬಂದ ತಂದೆ ಏನೂ ಮಾತಾಡಲಿಲ್ಲ, ಟವೆಲ್ ಹಿಡಿದುಕೊಂಡು ನಮ್ಮ ಮುಖ ನೋಡುತ್ತಿದ್ದರು.

ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ಒಬ್ಬರಿಗೆ ಕೊಟ್ಟರೆ ನೂರು ಜನ ಬರುತ್ತಾರೆ, ಮುಷ್ಕರ ಮುರಿದ ಹಾಗೆ ಅಂದರು ಕೆಲವರು. ಅವರ ಮಾತಿನಲ್ಲಿ ಹುರುಳಿತ್ತು, ನಾನು ಇಲ್ಲ ಅನ್ನುವುದಿಲ್ಲ. ಬೀಗ ತೆಗೆಯಿರಿ ಅಂದದ್ದು ಪಗಾರ ಬಾರದ ಅಕ್ಕನೇ. "ಅವ್ನೂ ನಮ್ ಮಗನಂಗೇ ಇದ್ದಾನ" ಅಂದರು. ತೆಗೆದೆವು. ಲೆಡ್ಜರ್ ಹುಡುಕಿ, ಸರ್ಟಿಫಿಕೇಟ್ ಬರೆದು, ಸಹಿ ಹಾಕಿಸಿ ಕೊಡಲು ನಲವತ್ತು ನಿಮಿಷ. ಅಂದಿನಿಂದ ನಮ್ಮ ಸಂಘದಲ್ಲಿ ಒಂದು ಪದ್ಧತಿ: ಯಾವುದೇ ಮುಷ್ಕರದಲ್ಲಿ ಒಂದು ತುರ್ತು ಮೇಜು ನಡೆಯುತ್ತದೆ. ನಾಳೆ ಕೆಲಸ, ನಾಳೆ ಪ್ರವೇಶ ಇರುವ ವಿದ್ಯಾರ್ಥಿಗೆ ಅಲ್ಲಿ ಕಾಗದ ಸಿಗುತ್ತದೆ. ಐದನೇ ದಿನ ವಿದ್ಯಾರ್ಥಿಗಳೇ ನಮ್ಮ ಪರವಾಗಿ ಮನವಿ ಕೊಟ್ಟರು, ಏಳನೇ ದಿನ ಎರಡು ತಿಂಗಳ ಪಗಾರ ಬಿಡುಗಡೆ ಆಯಿತು.

ನಮ್ಮ ಸಂಘದ ಒಂದು ತಪ್ಪನ್ನೂ ಹೇಳಬೇಕು, ನೀವು ಮಾಡಬಾರದು ಅಂತ. ನೋಂದಾಯಿತ ಸಂಘ ಪ್ರತಿ ವರ್ಷ ಲೆಕ್ಕಪತ್ರ, ಸದಸ್ಯರ ಸಂಖ್ಯೆಯ ವಿವರವನ್ನು ನೋಂದಣಾಧಿಕಾರಿಗೆ ಕಳುಹಿಸಬೇಕು. ನಾವು ಮೂರು ವರ್ಷ ಕಳುಹಿಸಲಿಲ್ಲ. ಹೋರಾಟದ ಗದ್ದಲದಲ್ಲಿ ಕಾಗದ ಮರೆತೆವು. ನೋಂದಣಿ ಯಾಕೆ ರದ್ದು ಮಾಡಬಾರದು ಎಂದು ನೋಟಿಸ್ ಬಂತು. ಆ ಸಮಯದಲ್ಲೇ ಒಬ್ಬ ಸದಸ್ಯರ ಮೇಲೆ ಇಲಾಖಾ ವಿಚಾರಣೆ ನಡೆಯುತ್ತಿತ್ತು. ಸಂಘದ ಪ್ರತಿನಿಧಿಯಾಗಿ ಅವರ ಪಕ್ಕ ಕೂಡಲು ಹೋದರೆ, ನಿಮ್ಮ ಸಂಘ ಈಗ ಇದೆಯೇ ಅಂತ ಕೇಳಿದರು. ಅವರು ಆವತ್ತು ಒಬ್ಬರೇ ಒಳಗೆ ಹೋದರು. ಬಾಗಿಲು ಮುಚ್ಚಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕೊನೆಗೆ ಈಗಿನ ಕಾನೂನು. 1926ರ ಸಂಘಗಳ ಕಾಯ್ದೆ, 1947ರ ವಿವಾದಗಳ ಕಾಯ್ದೆ ಎರಡೂ ಇನ್ನೊಂದರ ಜೊತೆ ಸೇರಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಆಗಿವೆ. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದಿದೆ. ಮುಷ್ಕರಕ್ಕೆ ಮೊದಲು ನೋಟಿಸ್ ಕೊಟ್ಟು 14 ದಿನ ಕಾಯಬೇಕು. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಂದೇ ದಿನ ಕೂಡಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಸಿಎಲ್ ಹಾಕಿ ಮೆರವಣಿಗೆಗೆ ಹೋಗುವ ನಮ್ಮ ಹಳೆಯ ರೂಢಿ ಇನ್ನು ನಡೆಯುವುದಿಲ್ಲ.

ಇನ್ನೂ ಒಂದು ಇದೆ. ಒಂದಕ್ಕಿಂತ ಹೆಚ್ಚು ಸಂಘ ಇದ್ದರೆ, ಶೇಕಡಾ 51 ಅಥವಾ ಹೆಚ್ಚು ಕಾರ್ಮಿಕರ ಬೆಂಬಲ ಇರುವ ಸಂಘವೇ ಆಡಳಿತದ ಜೊತೆ ಮಾತುಕತೆಗೆ ಕೂಡುವುದು. ಆ 51 ಯಾವುದರ ಮೇಲೆ? ಸಂಹಿತೆಯ ಮಾತಿನಲ್ಲೇ ಹೇಳುವುದಾದರೆ, ಆ ಸಂಸ್ಥೆಯ ಮಸ್ಟರ್ ರೋಲ್‌ನಲ್ಲಿ ಇರುವ ಕಾರ್ಮಿಕರ ಮೇಲೆ. ಮಸ್ಟರ್ ರೋಲ್ ಅಂದರೆ ನಮ್ಮ ಅಧೀಕ್ಷಕರ ಮೇಜಿನ ಮೇಲಿದ್ದ ಅದೇ ಪುಸ್ತಕ. ಅಕ್ಕ ಬೆರಳಿಟ್ಟು ಓದಿದ್ದು ಅದನ್ನೇ.

ಹಾಗಾಗಿ ಇವತ್ತು ನಾನು ನಿಮ್ಮನ್ನು ಕೇಳುವುದು ಒಂದು ಕೆಲಸ. ನಿಮ್ಮ ನಿಮ್ಮ ವಿಭಾಗಕ್ಕೆ ಹೋಗಿ, ಕೋಣೆಯಲ್ಲಿ ಕೆಲಸ ಮಾಡುವ ಎಲ್ಲರ ಹೆಸರು ಒಂದು ಹಾಳೆಯಲ್ಲಿ ಬರೆಯಿರಿ. ಖಾಯಂ, ಗುತ್ತಿಗೆ, ಹೊರಗುತ್ತಿಗೆ, ಅತಿಥಿ ಉಪನ್ಯಾಸಕರು, ಎಲ್ಲರದೂ. ಪಕ್ಕದಲ್ಲಿ ಸೇರಿದ ವರ್ಷ, ಎಷ್ಟು ಏಜೆನ್ಸಿ ಬದಲಾಗಿದೆ, ಪಿಎಫ್‌ನ ಯುಎಎನ್ ನಂಬರ್ ಇದೆಯೇ, ಇಎಸ್‌ಐ ಕಾರ್ಡ್ ನಡೆಯುತ್ತಿದೆಯೇ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರ ಮುಂದೆ ಒಂದು ಗೆರೆ ಎಳೆಯಿರಿ. ಮುಂದಿನ ಶನಿವಾರ ಊಟದ ವೇಳೆಗೆ ಬೇವಿನ ಮರದ ಹತ್ತಿರ ತನ್ನಿ. ಬರೆಯಲು ಬಾರದವರ ಹೆಸರನ್ನು ಪಕ್ಕದವರು ಬರೆದುಕೊಡಿ. ಹೆಸರು, ಅಡ್ಡಹೆಸರು, ಹುಟ್ಟಿದ ದಿನ ಆಧಾರ್ ನೋಡಿಯೇ ಬರೆಯಿರಿ. ಅಕ್ಕನ ಕಾಗದದಲ್ಲಿ ಒಂದು ಅಕ್ಷರ ತಪ್ಪಿದ್ದಕ್ಕೆ ನಾವು ಎಂಟು ತಿಂಗಳು ಓಡಾಡಿದ್ದೇವೆ.